ನೀಲಿ ಖಡು

ಒಂಬತ್ತು ಕೊಟ್ಟವನು ಪೋಲೆಂಡಿನವನು.
ಪುಣೆಯವಳದು ಏಳು, ಜೊತೆಗೊಂದು ಸಾಲು:
‘ಕಥೆ ಕೈ ಹಿಡಿಯುತ್ತದೆ, ಒಗಟು ಕಾಲು ಹಿಡಿದೆಳೆಯುತ್ತದೆ.’
ಹೆಸರಿಲ್ಲದ ಒಬ್ಬ, ನಾಲ್ಕೇ ತಾಸಿಗೆ ಮುಗಿಯಿತೆಂದು
ದುಡ್ಡು ವಾಪಸು ಕೇಳಿ, ಕೊನೆಯಲ್ಲಿ ಅಳು ಬಂತೆಂದೂ ಬರೆದು,
ಐದು.
ಅಂಬಾದಾಸ ಸರಾಸರಿ ತೆಗೆದ. ಏಳು.
‘ಏಳಂದ್ರ ಪಾಸೋ ಫೇಲೋ?’

ಸೊಲ್ಲಾಪುರದ ಸಾಖರ ಪೇಠೆ, ಮಾಳಿಗೆ ಕೋಣೆ,
ತಗಡಿನ ಮೇಲೆ ಮೇ ತಿಂಗಳು.
ಇಲ್ಲೇ ಕೂತು ಮೂರು ವರ್ಷ ಕಟ್ಟಿದ ಆಟ, ‘ಮೂರನೇ ಪಾಳಿ’:
ಬಂದಾದ ಮಿಲ್ಲಿನೊಳಗೆ ರಾತ್ರಿ ಒಬ್ಬ ಹುಡುಗಿ
ಅಪ್ಪನ ಬುತ್ತಿ ಡಬ್ಬಿ ಹಿಡಿದು ಖಾತೆ ಖಾತೆ ತಿರುಗುತ್ತಾಳೆ.
ಬಾಗಿಲಿಗೊಂದು ಒಗಟು.
ಮಗ್ಗದ ಕೋಣೆಯಲ್ಲಿ ತೂತು ಹೊಡೆದ ಜಕಾರ್ಡ್ ಪಟ್ಟಿಗಳು ಚೆಲ್ಲಾಪಿಲ್ಲಿ;
ಸರದಿಗೆ ಜೋಡಿಸಿದರೆ ಚಾದರದ ಮೇಲೆ ಹೂವು,
ಎಳೆ ತಪ್ಪದ ಹೂವಿಗೆ ಬಾಗಿಲು ತೆರೆಯುತ್ತದೆ.
‘ಈ ವರ್ಷದ ಅತಿ ಜಾಣ ಒಗಟು.’ ಇದು ಪೋಲೆಂಡು.
ಆ ಒಂದು ಮಾತನ್ನು ಕನ್ನಡಕ್ಕೆ ತಿರುಗಿಸಿಕೊಂಡು
ಮೆಟ್ಟಿಲಿಳಿದು ಹೋಗಿ ಚಿಗವ್ವನಿಗೆ ಓದಿದೆ.

ಮಹಾನಂದಾ ಚಿಗವ್ವ,
ಇಪ್ಪತ್ತಾರು ವರ್ಷ ಘಡಿ ಖಾತೆಯಲ್ಲಿ ಚೆಕ್ಕರ್.
ಚಾದರ ಬೆಳಕಿಗೆ ಎತ್ತುವುದು;
ಬಿಟ್ಟ ಎಳೆ, ಎಣ್ಣೆಯ ಡಾಗು, ಗಂಟು ಕಂಡಲ್ಲಿ
ನೀಲಿ ಖಡುವಿನ ಒಂದು ಗೀರು.
ಗೀರಿಗೆ ಎಂಟಾಣೆ, ನೇಕಾರನ ಪಗಾರದಲ್ಲಿ ಖೋತಾ.
ಇವಳ ಮನೆಯ ಅರಿಶಿನ ಕುಂಕುಮದ ದಿನವೇ
ಓಣಿಯ ಅರ್ಧ ಹೆಂಗಸರಿಗೆ ತಲೆನೋವು.
ಕಾಕಾನ ಚಾದರಕ್ಕೂ ಗೀರು ಎಳೆದವಳು.
ನಾಲ್ಕು ದಿನ ಮಾತಿಲ್ಲ; ಐದನೆಯ ದಿನ
‘ಪಲ್ಯಾಕ್ಕ ಉಪ್ಪಿಲ್ಲ’ ಅಂದನಂತೆ. ಅಲ್ಲಿಗೆ ರಾಜಿ.

ಮೌಸು ಅವಳ ಕೈಯಲ್ಲಿ ಇಸ್ತ್ರಿಪೆಟ್ಟಿಗೆಯ ಹಾಗೆ ಜರುಗಿತು.
ಪರದೆಯ ಅಪ್ಪನನ್ನು ಬಹಳ ಹೊತ್ತು ನೋಡಿದಳು:
ಬಗ್ಗಿದ ಬೆನ್ನು, ಕಿವಿಯ ಮೇಲೆ ಸಿಕ್ಕಿಸಿದ ಬೀಡಿ.
ಯಾರನ್ನು ನೆನೆದು ಬಿಡಿಸಿದೆನೆಂದು ಅವಳಿಗೆ ಹೇಳಬೇಕಿರಲಿಲ್ಲ.
ಆಮೇಲೆ ಚಾದರ. ಗಾಜಿಗೆ ಮೂಗು ತಾಗುವಷ್ಟು ಬಗ್ಗಿ
ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ.

‘ನಿಮ್ಮ ಕಾಕಾ ಇಷ್ಟು ಚಲೋ ನೇಯ್ತಿದ್ದಿಲ್ಲ.
ಎಡಗಡೆ ಅಂಚು ಒಂದೆಳಿ ಸಡ್ಲ ಬಿಡಾವ್ರು, ಯಾವಾಗ್ಲೂ.
ನೂರು ಚಾದರದಾಗ ಕಣ್ಣು ಮುಚ್ಚಿ ಕೈಯಾಡ್ಸಿದ್ರೂ
ಗುರ್ತು ಹತ್ತತಿತ್ತು ನಂಗ.
ಇದು ಯಾರದರ ಇದ್ದೀತು.’

ಎದ್ದು ಶೇಂಗಾ ಹುರಿಯಲು ನಿಂತಳು.
ಹತ್ತಕ್ಕೆ ಎಷ್ಟು ಕೊಡ್ತಿ, ಕೇಳಿದೆ.
‘ಗೀರು ಹಾಕೋದಷ್ಟ ನನ್ನ ಕೆಲಸ.
ಅಂಕಿ ಆಫೀಸಿನಾವ್ರು ಬರ್ಕೋತಿದ್ರು.’

ಹನ್ನೊಂದು ರಾತ್ರಿ ಹಿಡಿಯಿತು.
ಅಂಬಾದಾಸ ತೆಲುಗಿನಲ್ಲಿ ಬೈದ,
ಸಾಲದ್ದಕ್ಕೆ ಮರಾಠಿಯಲ್ಲಿ ಬೈದ, ಬೈಯುತ್ತಲೇ ಬರೆದ.
ಈಗ ಮಗ್ಗದ ಕೋಣೆಯಲ್ಲಿ ಚಾದರಗಳ ಗುಡ್ಡೆ.
ಹುಡುಗಿ ಒಂದೊಂದನ್ನೇ ಬೆಳಕಿಗೆ ಎತ್ತಬೇಕು.
ಹೂವು ಎಲ್ಲದರಲ್ಲೂ ಸರಿ;
ಎಡ ಅಂಚು ಸಡಿಲಾದದ್ದು ಒಂದೇ.
ಅದನ್ನು ಹೊದ್ದುಕೊಂಡರೆ ಬಾಗಿಲು.

ಪೋಲೆಂಡಿನವನು ಮತ್ತೆ ಆಡಿದ, ಮತ್ತೆ ಬರೆದ:
‘ಅಂಥ ಒಗಟನ್ನು ಕೈಯಾರೆ ಕೆಡಿಸಿದ್ದಾರೆ.
ದೋಷವೇ ಉತ್ತರವೆಂದರೆ ಅದೆಂಥ ತರ್ಕ?
ಅರ್ಧ ಅಂಕ ಕಡಿತ.’
ಪುಣೆಯವಳು ಏನೂ ಬರೆಯಲಿಲ್ಲ.
ಅತ್ತವನು ಐದನ್ನು ಆರು ಮಾಡಿದ್ದ, ಕಾರಣ ಕೊಟ್ಟಿರಲಿಲ್ಲ.

ಚಿಗವ್ವ ರೊಟ್ಟಿ ಬಡೆಯುತ್ತಿದ್ದಳು.
‘ಎಷ್ಟು ಖೋತಾ?’
‘ಅರ್ಧ.’
ಹಂಚಿನ ಮೇಲಿನದನ್ನು ತಿರುವಿ ಹಾಕಿ,
ಅಂಚು ಸುಟ್ಟಿತೋ ಏನೋ ನೋಡುತ್ತ,
‘ಬರೋಬರಿ ಐತಿ’ ಅಂದಳು. ‘ನಾನೂ ಅಷ್ಟ ಕೊಯ್ದಿದ್ದೆ.’