ಪಾಸು ಹರಿದ ಟಿಕೇಟು

ಕೀಲಿ ತಿರುವೂಕಿಂತ ಮೊದಲ ಗೊತ್ತಾಯ್ತು.
ಬಾಗಿಲ ಸಂದಿನಾಗಿಂದ ವಾಸನಿ ಬಂದು
ಮೂಗು ಹಿಡಿದು ಕೇಳ್ತು:
ಈಗ ಬಂದೇನವ್ವ?

ರಾತ್ರಿ ಹನ್ನೊಂದು. ಸಿಯಾತಲಾಬಿನ ಓಣಿ.
ಶಕ್ತಿನಗರದ ಕಡೀ ಟ್ರಿಪ್ಪು ಮುಗಿಸಿ,
ಲೆಕ್ಕದಾಗ ಕಮ್ಮಿ ಬಿದ್ದ ಹದಿನಾಲ್ಕು ರೂಪಾಯಿ
ಕೈಯಿಂದ ಹಾಕಿ ಬಂದೀನಿ.
ಹೊಸ್ತಿಲ ಮ್ಯಾಲ ನಿಂತೀನಿ ಕತ್ತಲಾಗ,
ಚಪ್ಪಲಿ ಬಿಡಲೋ ಬ್ಯಾಡೋ ಅಂತ.

ಲೈಟು ಹಾಕಿದೆ.

ದೇವಸೂಗೂರಿನ ಪಾಗುಂಟಮ್ಮ
ಬುಟ್ಟಿ ಇಳಿಸಿ ಕೊಟ್ಟ ಋಣಕ್ಕಂತ ಕೊಟ್ಟ ಒಣಮೀನು
ನಿನ್ನಿ ತನಕ ಡಬ್ಬಿಯಾಗ ಇದ್ದವು.
ಈಗ ಹಾಸಿಗಿ ಮ್ಯಾಲ ಅವ. ತಲಿ ಮಾತ್ರ.
ಎಂಟು ತಲಿ, ಎಂಟೂ ನನ್ನ ಕಡೆನ ನೋಡ್ಲಿಕತ್ತಾವ
ಚಿಲ್ಲರಿ ಬರಬೇಕಾದ ಮಂದಿ ನೋಡಿದಂಗ.
ಪುಂಡಿಪಲ್ಲೆ ಗಡಿಗಿ ಬೋರಲು.
ಖಾರ ಹತ್ತಿ ಉರಿ ತಡೀಲಾರದ
ಕುಡಿಯೋ ನೀರಿನಾಗ ಮೂತಿ ಅದ್ದ್ಯದ.
ಆಮ್ಯಾಲ ಮುಂದಿನ ಬಾಗಿಲು, ಹಿಂದಿನ ಬಾಗಿಲು,
ಎರಡರಾಗೂ ಇಳಿಸ್ಯದ.

"ಪಾಸೂ!"
ಹೊರಸಿನ ಬುಡದಾಗ ಬಾಲ ಒಂದು ಸಲ ನೆಲಕ್ಕ ಬಡೀತು.
ಎರಡನೇ ಸಲ ಬಡೀಲಿಲ್ಲ.

ಹೆಸರಿನ ಕತಿ ಸಣ್ಣದು.
ಹಿಂದಿನ ಸೀಟಿನ ಕೆಳಗ ಅಂಗೈಯಷ್ಟು ಮರಿ,
ಯಾವ ಸ್ಟಾಪಿನಾಗ ಹತ್ತಿತ್ತೋ.
ಚೆಕ್ಕಿಂಗಿನವರು ಟಾರ್ಚು ಬಿಟ್ಟು ಕೇಳಿದರು,
"ಇದರ ಟಿಕೇಟು?"
"ಪಾಸದ ಸಾಹೇಬ್ರ."
ಅವರು ನಕ್ಕು ಇಳಿದರು, ಇದು ಇಳೀಲಿಲ್ಲ.
ಅವತ್ತಿಂದ ರೊಟ್ಟಿ ಫ್ರೀ, ಚಾದರ ಫ್ರೀ,
ನನ್ನ ಎಡಗಾಲಿನ ಚಪ್ಪಲಿ ಫ್ರೀ.

ನಾ ಹೇಸೂ ಪೈಕಿ ಅಲ್ಲ.
ಹನ್ನೆರಡು ವರ್ಷ ಆತು, ದಿನಾ ಒಬ್ಬರಾದ್ರೂ ಕಕ್ಕೋತಾರ ಬಸ್ಸಿನಾಗ.
ಬಸರಿ ಹೆಂಗಸು, ಮದುವಿ ಊಟ ಹೆಚ್ಚಾದ ಹುಡುಗ,
"ಏನೂ ಆಗಿಲ್ಲಕ್ಕ" ಅಂತ ಟವೆಲ್ಲಿಲೆ ಗಾಜು ಒರೆಸೋ ಕುಡುಕ.
ಶಕ್ತಿನಗರದ ಬೂದಿ ಒಂದು ಡಬ್ಬಿ
ಯಾವಾಗಲೂ ಇರತದ ಡ್ರೈವರ್ ಸೀಟಿನ ಹಿಂದ.
ಬೂದಿ ಚೆಲ್ಲು, ರಟ್ಟಿಲೆ ಬಳಿ, ರೈಟ್ ಅನ್ನು.
ಅಲ್ಲಿ ವಾಸನಿ ತನ್ನ ಸ್ಟಾಪು ಬಂದಾಗ ಇಳಿದು ಹೋಗತದ.
ಇಲ್ಲಿ ಕಡೀ ಸ್ಟಾಪು ನಮ್ಮ ಮನಿನ.

ಗ್ವಾಡಿ ಆಚಿಂದ ಮಹಬೂಬಿ:
"ಏನ ಸತ್ತದ ನಿಮ್ಮನಿಯಾಗ?"
"ಇನ್ನಾ ಸತ್ತಿಲ್ಲ. ಈಗ ಸಾಯಿಸ್ತೀನಿ."
"ಮೊದಲ ಕಿಟಕಿ ತಗಿ. ಆಮ್ಯಾಲ ಸಾಯಿಸು."

ನಲ್ಲಿ ಬಂದು ಮೂರು ದಿನ.
ಇರೋದು ಒಂದೂವರಿ ಕೊಡ.
ಮೊಣಕಾಲೂರಿ ಬಳಿಯೂಮುಂದ ಕಂಡದ್ದು
ಟಿಕೇಟು ಮಷಿನ್ನಿನ ಕಾಗದದ ಸುರುಳಿ.
ಬಾಗಿಲಿಂದ ಒಲಿಗೆ, ಒಲಿಯಿಂದ ಹೊರಸಿಗೆ,
ಹೊರಸಿನಿಂದ ಮತ್ತ ಬಾಗಿಲಿಗೆ
ಪೂರಾ ಬಿಚ್ಚಿ ಹಾಸ್ಯದ.
ಅದರ ಮ್ಯಾಲ ಪುಂಡಿ ರಸದಾಗ ಅದ್ದಿದ ಪಾದ.
ಒಲಿ ಹತ್ರ ನಾಕು, ಹೊರಸಿನ ಹತ್ರ ಎರಡು.
ಬಾಗಿಲ ಹತ್ರ ಎಣಿಸಾಕ ಬರಲಾರದಷ್ಟು,
ಒಂದರ ಮ್ಯಾಲೊಂದು.

ಇಷ್ಟು ವರ್ಷದಾಗ ಎಷ್ಟು ಲಕ್ಷ ಹರಿದು ಕೊಟ್ಟೀನೋ.
ನನಗಂತ ಯಾರೂ ಹರಿದಿದ್ದಿಲ್ಲ.
ಲೈಟಿಗೆ ಹಿಡಿದು ನೋಡಿದೆ:
ಎಲ್ಲಿಂದ, ಎಲ್ಲಿಗೆ, ಎಷ್ಟು, ಏನೂ ಇಲ್ಲ.
ಹೊಳ್ಳಿಸಿ ನೋಡಿದೆ.
ಆಮ್ಯಾಲ ಅದನ್ನ ಮುದ್ದಿ ಮಾಡಿ
ಅದರಿಂದಲೇ ವಾಂತಿ ಬಳಿದೆ.

ಬಯ್ಯಾಕ ಬಾಯಿ ತೆಗೆದರ ವಾಸನಿ ಒಳಗ ಹೋಗತದ.
ಹಂಗಾಗಿ ಬಯ್ಯಲಿಲ್ಲ.
ಗ್ವಾಡಿ ಮ್ಯಾಲಿಂದ ಮಹಬೂಬಿ ಅರ್ಧ ಕೊಡ ದಾಟಿಸಿದಳು,
ಮೂಗಿಗೆ ಸೆರಗು ಕಟ್ಟಿಕೊಂಡು.
ಹಿತ್ತಲದಾಗ ಇದರ ಮೈ ತೊಳದೆ.
ಝಾಡಿಸ್ತು. ಅರ್ಧ ಕೊಡ ನನ್ನ ಮ್ಯಾಲ.

ಮುಂಜಾನಿ ಆರಕ್ಕ ಮೊದಲ ಟ್ರಿಪ್ಪು.
ಎರಡು ಸಲ ಸಬಕಾರ, ಒಂದು ಸಲ ಹುಣಸಿಹಣ್ಣು ಹಚ್ಚಿದ್ದೆ ಕೈಗೆ.
ಗಂಜಿನ ಹತ್ರ ಹತ್ತಿದ ಮುದುಕಿ
ಆಧಾರ್ ಕಾರ್ಡು ತೋರಿಸಿ, ಫ್ರೀ ಟಿಕೇಟು ಮಡಚಿ ಕುಬಸದಾಗಿಟ್ಟು,
ಮೂಗು ಮ್ಯಾಲೆತ್ತಿ,
ನನ್ನ ಚೀಲದ ಕಡೆ ಬಗ್ಗಿ
ಮೆಲ್ಲಕ ಕೇಳಿದಳು:
"ಮೀನ ಹೆಂಗ ಕೊಟ್ಟಿ, ತಂಗಿ?"