ಹುಳುಕು

ದೋಣಿನ ನನ್ನ ಕೊಟ್ಟಿಗೇಲೇ ಮಕಾಡೆ ಮಲಗಿಸಿದ್ದು,
ಎರಡು ಲಾರಿ ಟೈರಿನ ಮೇಲೆ.
ಪಕ್ಕದಲ್ಲಿ ಕಟ್ಟಿದ್ದ ಎಮ್ಮೆ ಎರಡು ದಿನ ಹಾಲು ಕಮ್ಮಿ ಕೊಡ್ತು.
ಮೂರನೇ ದಿನ ದೋಣಿ ಅಂಚು ನೆಕ್ಕಿ ನೋಡ್ತು, ಸರಿಹೋಯ್ತು.

ಐರಿನ್ ಡಾಕ್ಟ್ರಮ್ಮ ಯಾದವಗಿರೀಲಿ ಹಲ್ಲು ನೋಡೋರು,
ಭಾನುವಾರ ಮಾತ್ರ ಹಿನ್ನೀರಿಗೆ ಬಂದು ಹಾಯಿ ಬಿಚ್ಚೋರು.
ನನ್ನ ದವಡೆ ಹಲ್ಲು ಕಿತ್ತೋರೂ ಅವರೇ. ದುಡ್ಡು ಮುಟ್ಟಲಿಲ್ಲ.
ಅದಕ್ಕೇ ಕೊಟ್ಟಿಗೆ ಬಾಡಿಗೆ ಅಂತ ನಾನೂ ಬಾಯಿಬಿಡಲಿಲ್ಲ.

ಒಂದ್ರೂಪಾಯಿ ಬಿಲ್ಲೆ ಹಿಡಿದು ಅದರ ಹೊಟ್ಟೆಯುದ್ದಕ್ಕೂ ತಟ್ಟಿದ್ರು:
ಟಣ್, ಟಣ್, ಟಣ್,
ಒಂದು ಕಡೆ ದೊಬ್.
"ಇಲ್ಲೇ ಬೋರಣ್ಣ, ಒಳಗೆ ಬಿಟ್ಕೊಂಡಿದೆ."
ಕಲ್ಲಂಗಡಿ ನೋಡೋ ಹಂಗೆ ನಾನೂ ತಟ್ಟಿದೆ.
ಹೂಂ, ದೊಬ್.

ಕಿರುಬೆರಳುದ್ದ ಗೀರು,
ಅದಕ್ಕೆ ಅಂಗೈಯಗಲ ಕೆರೀಬೇಕಾ ಅಂದೆ.
ಹುಳುಕು ಕಂಡಷ್ಟೇ ಇರಲ್ಲ ಅಂದ್ರು.
ಆಸ್ಪತ್ರೆಯಿಂದಲೇ ತಂದಿದ್ದ ಪುಟ್ಟ ಮಿಷನ್ನು
ಕಿರ್‍ರ್ ಅಂತಿದ್ದಂಗೆ ನನ್ನ ನಾಲಿಗೆ ತಾನೇ
ಖಾಲಿ ಒಸಡು ಹುಡುಕ್ಕೊಂಡು ಹೋಯ್ತು.

ಬಿಳೀ ಪುಡಿ ಉದುರ್ತು. ಮೈಗೆ ಬಿದ್ದ ಕಡೆಯೆಲ್ಲ ನವೆ.
ಪುಡಿಯೊಳಗೆ ಕೆಂಪನೇ ಒಂದೆಳೆ.
ಬೆರಳಲ್ಲಿ ಉಜ್ಜಿ ನೋಡಿದ್ರು, ಮೂಸಿದ್ರು.
"ಜಾಜು ಇದ್ದ ಹಾಗಿದೆ."
ನಾನು ಎಮ್ಮೆಗೆ ಹುಲ್ಲು ಹಾಕೋಕೆ ಎದ್ದೆ.

ನೀರು ಇಳಿದಾಗ, ಕೆಸರು ಆರೋಕೆ ಮುಂಚೆ
ಅಲಸಂದೆ ಚೆಲ್ಲೋ ಜಾಗ ಅದು. ಮೂವತ್ತು ಗುಂಟೆ ಇರಬೌದು, ಅಳೆದೋರ್‍ಯಾರು.
ಪಕ್ಕದ ಸಣ್ಣಮರಿ ವಸಿ ವಸಿ ಒತ್ತಾನೆ ಅಂತ
ಹೋದ ಬೇಸಗೇಲಿ ಬಾಂದುಕಲ್ಲು ನೆಟ್ಟು ಜಾಜು ಬಳಿದಿದ್ದೆ.
ಯಾರಪ್ಪನ ಜಮೀನು?
ಕಾಗದದಲ್ಲಿ ನೀರಾವರಿಯೋರದು,
ಆಷಾಢ ಕಳೀತು ಅಂದ್ರೆ ಹೊಳೇದು,
ನಡುವೆ ನಾಕು ತಿಂಗಳು ನಾನು ಅದರೋನು.

ಮೂರು ದಿನ ಗಾಯಕ್ಕೆ ಬಿಸಿಲು ಕೊಟ್ರು.
ತೇವ ಇಟ್ಕೊಂಡು ಮುಚ್ಚಿದ್ರೆ ಒಳಗೊಳಗೇ ಕೆಡ್ತದಂತೆ,
ಬಾಯೂ ಅಷ್ಟೇ, ದೋಣೀನೂ ಅಷ್ಟೇ.
ಆಮೇಲೆ ಗಾಜಿನ ನಾರಿನ ಬಟ್ಟೆ, ಮೂರು ಬಿಲ್ಲೆ,
ಒಂದಕ್ಕಿಂತ ಒಂದು ದೊಡ್ಡದು.
ರಾಳಕ್ಕೆ ಎಣಿಸಿ ಎಣಿಸಿ ಹನ್ನೆರಡು ಹನಿ ಔಷಧಿ.
"ಬೇಗ ಬೋರಣ್ಣ, ಹತ್ತೇ ನಿಮಿಷ ಇರೋದು."
ನನ್ನ ಕೈಯೊಳಗೇ ಲೋಟ ಬೆಚ್ಚಗಾಗ್ತಾ ಬಂತು,
ಈದ ರಾತ್ರಿ ಕರೆದ ಗಿಣ್ಣುಹಾಲಿನಂಗೆ.
ಅವರು ಬ್ರಷ್ಷಲ್ಲಿ ಕುಟ್ಟಿ ಕುಟ್ಟಿ ಗುಳ್ಳೆ ಓಡಿಸಿದ್ರು.

ಬಣ್ಣ ಕೂಡಿಸುವಾಗ ನಗು ತಡೀಲಿಲ್ಲ ನಂಗೆ.
ಚೀಲದಿಂದ ತೆಗೆದದ್ದು ಸಾಲಾಗಿ ಹುಸಿಹಲ್ಲು ಕೂಡಿಸಿದ ಪಟ್ಟಿ!
ಒಂದೊಂದೇ ದೋಣಿ ಮೈಗೆ ಹಿಡಿದು, ಕಣ್ಣು ಕಿರಿದು ಮಾಡಿ,
"ಹಳೇ ಬಿಳುಪು. ಎಲೆ ಅಡಿಕೆ ಬಿಟ್ಟು ಮೂರು ವರ್ಷ ಆದೋರ ಹಲ್ಲು"
ಅಂತ ನನ್ನ ಕಡೆ ತಿರುಗಿದ್ರು.
ನಾನು ಬಾಯಿ ಮುಚ್ಚಿದೆ.

ಬಳಿದ ಮೇಲೆ ಗಾಳಿ ತಾಕಬಾರದಂತೆ.
ಪುಟ್ಟಲಿಂಗಿ ಯೂರಿಯಾ ಚೀಲದ ಒಳಹಾಳೆ ತೊಳೆದು ಕೊಟ್ಟಳು.

ನೀರುಪೇಪರು ತಿಕ್ಕೋದು ಮಾತ್ರ ನಂಗೆ ಬಿಟ್ರು.
ಒರಟು, ನಯ, ಅದಕ್ಕಿಂತ ನಯ.
ತಿಕ್ತಾ ತಿಕ್ತಾ ಕೈ ಯಾವುದು ದೋಣಿ ಯಾವುದು ಗೊತ್ತಾಗದ ಹೊತ್ತಿಗೆ
ಅಂದುಬಿಟ್ಟೆ:
ಆ ಕಲ್ಲು ನಂದು ಕಣವ್ವ.

ಅವರು ಸಾಮಾನು ಒರೆಸಿ ಒರೆಸಿ ಡಬ್ಬಿಗೆ ಇಡ್ತಿದ್ರು.
"ಕೆಳಗಿನ ಸಾಲಲ್ಲಿ ಇನ್ನೊಂದು ಅಲ್ಲಾಡ್ತಿದೆ ನಿಮಗೆ.
ಬುಧವಾರ ಬನ್ನಿ."

ಶಿವರಾತ್ರಿ ಹೊತ್ತಿಗೆ ನೀರು ಹಿಂದೆ ಸರೀತು, ಕಲ್ಲು ಕಂಡಿತು.
ಜಾಜು ಮುಕ್ಕಾಲು ತೊಳೆದುಹೋಗಿ
ನೆತ್ತಿ ಮೇಲೆ ಉಗುರಿನಷ್ಟು ಬಿಳುಪು.
ಕೀಳೋಣ ಅಂತಲೇ ಹಾರೆ ತಂದಿದ್ದೆ.
ಸಣ್ಣಮರಿ ಬೀಜದ ಚೀಲ ಹೊತ್ಕೊಂಡು ದೂರದಿಂದ ಇತ್ತಲೇ ನೋಡ್ತಿದ್ದ.
ಹಾರೆ ಮಲಗಿಸಿ, ಕಲ್ಲಿನ ಕೊರಳಿಗೆ
ಎರಡಾಳುದ್ದ ತೆಂಗಿನ ಹಗ್ಗ ಬಿಗಿದೆ,
ಹಗ್ಗದ ತುದಿಗೆ ಖಾಲಿ ಎಣ್ಣೆ ಕ್ಯಾನು.
ನೀರು ಬಂದಾಗ ತೇಲ್ಲಿ.

ಸದ್ಯಕ್ಕೆ ಅದು ಅಲಸಂದೆ ಸಾಲಿನ ನಡುವೆ ಅಡ್ಡ ಬಿದ್ದೈತೆ.
ಸಂಜೆ ಗಾಳಿಗೆ ಒಂದೊಂದು ಸಲ ಕಲ್ಲಿಗೆ ತಾಕಿ
ದೊಬ್ ಅಂತದೆ.