ರಾಳ

ನನ್ನ ಕೆಲಸ ಶುರುವಾಗುವುದು ಚಪ್ಪಾಳೆ ಮುಗಿದ ಮೇಲೆ.
ಸಾವಿರದ ಇನ್ನೂರು ಕುರ್ಚಿಗಳು
ಒಂದೊಂದಾಗಿ ಬಾಯಿ ಮುಚ್ಚಿಕೊಂಡಾಗ
ಬಕೆಟ್ಟು, ಚಿಂದಿಬಟ್ಟೆ, ಕಿತ್ತಳೆ ವಾಸನೆಯ ಎಣ್ಣೆ ಹಿಡಿದು
ಮಂಡಿಯೂರುತ್ತೇನೆ. ದೇವರಿಗಲ್ಲ,
ಪೈನ್ ಮರದ ರಾಳಕ್ಕೆ.

ಚೆಂಡು ಕೈಜಾರಬಾರದೆಂದು ಹುಡುಗರು
ಶೂ ಹಿಮ್ಮಡಿಗೆ ಮೆತ್ತಿಟ್ಟುಕೊಂಡು
ಓಡುತ್ತೋಡುತ್ತ ಬೆರಳಿಗೆ ಸವರುವ ರಾಳ.
ಚೆಂಡಿಗಷ್ಟೇ ಅಂಟಿ ಸುಮ್ಮನಿದ್ದೀತೆ?
ಗೋಲಿನ ಕಂಬಕ್ಕೆ, ನೆಲಕ್ಕೆ, ಬಾಗಿಲ ಹಿಡಿಗೆ,
ಒಮ್ಮೆ ಕಪ್ ಕೊಡಲು ಬಂದ ಮೇಯರಮ್ಮನ ಅಂಗೈಗೆ.
ಗುರುತು ನೋಡಿಯೇ ಹೇಳುತ್ತೇನೆ:
ಇದು ಎಡಚ ಬ್ಲಾಜ್ ಜಾರಿ ಬಿದ್ದ ಜಾಗ,
ಇದು ಗೋಲ್‌ಕೀಪರ್ ತಿಲೆನ್ ಸಿಟ್ಟಿಗೆ ನೆಲ ಗುದ್ದಿದ್ದು,
ಇದು ಯಾರೋ ಹೊಸಬ,
ಏಳು ಮೀಟರಿನ ಗೆರೆಯ ಹತ್ತಿರ ಐದೂ ಬೆರಳು ಊರಿದ್ದಾನೆ,
ಎಸೆಯುವ ಮೊದಲೋ, ತಪ್ಪಿದ ಮೇಲೋ.

ನೆಲದ ತುಂಬ ಗೆರೆ. ಹ್ಯಾಂಡ್‌ಬಾಲಿಗೆ ನೀಲಿ,
ಬ್ಯಾಸ್ಕೆಟ್‌ಬಾಲಿಗೆ ಕಪ್ಪು, ವಾಲಿಬಾಲಿಗೆ ಹಸಿರು.
ಒಬ್ಬರ ಅಂಗಳದ ಮೇಲೆ ಇನ್ನೊಬ್ಬರ ಅಂಗಳ,
ಒಂದು ದಿನವೂ ಬೇಲಿ ಜಗಳವಿಲ್ಲ.
ಬೂದು ಕಾರ್ಪೆಟ್ಟಿನ ಸುರುಳಿ ಬಿಚ್ಚಿದರೆ ಅವೂ ಮಾಯ:
ಮಾರ್ಚಿನಲ್ಲಿ ಜೇನಿನ ಸಂತೆ, ಮೇ ತಿಂಗಳಲ್ಲಿ ಮತಪೆಟ್ಟಿಗೆ,
ಒಂದು ಸಲ ಅಕಾರ್ಡಿಯನ್ ಹೊತ್ತ ನೂರು ಮುದುಕರು,
ರಕ್ತದಾನದ ದಿನ ಸೂಜಿ ನೋಡಿಯೇ ಉರುಳಿದ ಪೊಲೀಸು.

ಆ ಆಗಸ್ಟಿನಲ್ಲಿ ಮಾತ್ರ
ಕಾರ್ಪೆಟ್ ಹಾಸಲು ಹೊತ್ತಿರಲಿಲ್ಲ.
ಸವಿನ್ಯಾ ನದಿ ನಡುರಾತ್ರಿ ಮನೆಮನೆ ಹೊಕ್ಕು
ಅಡುಗೆಮನೆಯಿಂದ ಜನರನ್ನು ಹೊರಗಟ್ಟಿತ್ತು.
ಕೀಪರ್ ಬಿಟ್ಟು ಬೇರಾರೂ ಕಾಲಿಡಬಾರದ
ಆರು ಮೀಟರಿನ ಅರ್ಧಚಂದ್ರದೊಳಗೆ
ಮೂವತ್ತೊಂದು ಜನ ಒದ್ದೆ ಕಾಲುಚೀಲ ಬಿಚ್ಚಿದರು.
ಮರದ ಮಿಲ್ಲಿನ ಅಲೋಯ್ಜ್ ಗಾಳಿ ಮೂಸಿ ಕೇಳಿದ:
'ಇಲ್ಲಿ ಯಾರು ಪೈನ್ ಕೊಯ್ದದ್ದು?'
ನಾನು ಕಂಬ ತೋರಿಸಿದೆ.
ಅಲ್ಲೇ ಬೇಕೆಂದ ಹಾಸಿಗೆ, ಗೋಲಿನ ಒಳಗೇ.
ಬಂದದ್ದನ್ನೆಲ್ಲ ತಡೆಯಲೆಂದೇ ಹುಟ್ಟಿದ ತಿಲೆನ್
ಮಂಚ ಹೊತ್ತು ತಂದು, ಬಗ್ಗಿ,
ತಾನೇ ಒಳಗೆ ಬಿಟ್ಟ.
ಹನ್ನೊಂದು ರಾತ್ರಿ. ಮುದುಕನ ಗೊರಕೆಗೆ
ಬಲೆ ಸಣ್ಣಗೆ ಅಲುಗುತ್ತಿತ್ತು.

ಈಗ ಅಲೋಯ್ಜ್ ಪ್ರತಿ ಶನಿವಾರ ಟಿಕೆಟ್ ಕೊಳ್ಳುತ್ತಾನೆ.
ಆಟದ ನಿಯಮ ತಿಳಿಯದು, ತಿಳಿಯಬೇಕಿಲ್ಲ.
ಆ ಗೋಲಿನ ಹಿಂದೆಯೇ ಕೂರುತ್ತಾನೆ.
ಅರ್ಧ ಆಟವಾಗಿ ತಂಡಗಳು ದಿಕ್ಕು ಬದಲಿಸಿದರೆ
ಎದುರೂರಿನ ಕೀಪರಿಗೂ ಜೋರು ಚಪ್ಪಾಳೆ.
ಅಕ್ಕಪಕ್ಕದವರು ದುರುಗುಟ್ಟಿದರೆ
'ನನ್ನ ಮನೆಗೆ ಬಂದಿದ್ದಾನೆ, ನೀರಾದರೂ ಕೇಳಬೇಡವೆ?'
ಎನ್ನುತ್ತಾನೆ.

ನೆಲಕ್ಕೆ ಹೊಸ ವಾರ್ನಿಷ್ ಬಳಿದರು.
ಮಂಚದ ಕಾಲು ಒತ್ತಿದ ನಾಲ್ಕು ಚುಕ್ಕಿ ಹಾಗೇ ಇವೆ,
ಯಾವ ಬಣ್ಣದವೂ ಅಲ್ಲ, ಯಾವ ಆಟದವೂ ಅಲ್ಲ.
ರೆಫರಿಗಳು ದಾಟಿಹೋಗುತ್ತಾರೆ.
ನಾನು ಎಣಿಸಿಕೊಂಡೇ ಮುಂದೆ ಉಜ್ಜುತ್ತೇನೆ.

ನಾಳೆ ಬೆಕ್ಕುಗಳ ಪ್ರದರ್ಶನ.
ಎಂಟಕ್ಕೆ ಕಾರ್ಪೆಟ್ ಹಾಸಿರಬೇಕು.
ಮೂರು ಸಲ ಸೋಪು ಹಾಕಿದರೂ ಕೈ ಬಿಟ್ಟಿಲ್ಲ ರಾಳ.
ದೀಪ ಆರಿಸಿದ ಮೇಲೂ ಬೆರಳು
ಸ್ವಿಚ್ಚಿನ ಮೇಲೆ ಒಂದು ಗಳಿಗೆ
ಹಾಗೇ ನಿಲ್ಲುತ್ತದೆ.